ಐವತ್ತು ನಿಮಿಷ ತಡ

ಮೊದಲ ದಿನ ಹಳದಿ ಬಸ್ಸು ನಮ್ಮ ಗೇಟಿನೆದುರು
ಒಂದು ಗಳಿಗೆ ನಿಧಾನಿಸಿ
ಯಾರೂ ಬಾರದ್ದು ನೋಡಿ ಮುಂದೆ ಹೋಯಿತು.
ಪರದೆಯ ಹಿಂದೆ ನಿಂತಿದ್ದೆ ನಾನು,
ಕಳ್ಳಿಯ ಹಾಗೆ.

ಅಡುಗೆಮನೆಯ ಮೇಜಿನ ಮೇಲೆ
ಮೊನೆ ಮಾಡಿಟ್ಟ ಹನ್ನೆರಡು ಪೆನ್ಸಿಲು,
ಗೋಡೆಗೆ ನಾನೇ ಗೆರೆ ಎಳೆದ ವೇಳಾಪಟ್ಟಿ:
ಒಂಬತ್ತಕ್ಕೆ ಅಕ್ಷರ, ಹತ್ತಕ್ಕೆ ಲೆಕ್ಕ,
ಹನ್ನೊಂದಕ್ಕೆ ಪ್ರಕೃತಿ, ಅರ್ಧ ಗಂಟೆ.
ಒಂಬತ್ತೂ ಇಪ್ಪತ್ತಕ್ಕೆ ಝೊಯೆಲ್ ಮೇಜಿನ ಕೆಳಗೆ.
ಅವನಿಗೆ ಆರು ವರ್ಷ.
ನನಗೆ ಈ ಕೆಲಸದಲ್ಲಿ ಇಪ್ಪತ್ತು ನಿಮಿಷ.

ಬೂಟು ಹಾಕ್ಕೋ, ಅಂದೆ.

ಫಂಡಿ ಕೊಲ್ಲಿಯಲ್ಲಿ ನೀರು ಹೋಗುವುದೆಂದರೆ
ಪೂರಾ ಹೋಗುವುದು,
ನೆಲ ಒರೆಸದೆ ಮನೆ ಖಾಲಿ ಮಾಡಿದವರ ಹಾಗೆ.
ಕಣ್ಣು ಹಾಯುವಷ್ಟೂ ಕಂದು ರಾಡಿ, ಅದರ ಹೊಳಪು,
ದಕ್ಷಿಣಕ್ಕೆ ಇನ್ನೂ ಹೊರಡದ ನಾಲ್ಕಾರು ಉಲ್ಲಂಕಿ ಹಕ್ಕಿಗಳು
ಅರ್ಜಿ ಟೈಪು ಮಾಡುವ ಅವಸರದಲ್ಲಿ ಕೊಕ್ಕು ಕುಟ್ಟುತ್ತ.
ಏನು ತಿಂತಿವೆ? ಕೇಳಿದ.
ನೋಡೋಣ, ಅಂದೆ. ಗೊತ್ತಿತ್ತು ಅಂತಲ್ಲ.

ತೇಲಿಬಂದ ನಾಲ್ಕು ಕಡ್ಡಿಗಳಿಂದ ಚೌಕ ಕಟ್ಟಿ
ಒಳಗಿನ ಸೂಜಿತೂತುಗಳನ್ನು ಎಣಿಸತೊಡಗಿದ,
ಮೂಗಿಗೆ ರಾಡಿ ಮೆತ್ತಿಕೊಳ್ಳುವಷ್ಟು ಬಗ್ಗಿ:
ಇಪ್ಪತ್ತೆಂಟು, ಇಪ್ಪತ್ತೊಂಬತ್ತು,
ಇಪ್ಪತ್ತಹತ್ತು, ಇಪ್ಪತ್ತಹನ್ನೊಂದು.
ನಾಲಿಗೆ ತುದಿಗೆ ಬಂದ ಮೂವತ್ತನ್ನು
ನುಂಗಿಕೊಂಡೆ. ಲೆಕ್ಕ ತಪ್ಪಿರಲಿಲ್ಲ,
ಹೆಸರು ಮಾತ್ರ ಇನ್ನೂ ದಾರಿಯಲ್ಲಿತ್ತು.

ಇಪ್ಪತ್ತಹದಿನೈದನ್ನು ಬೆರಳಲ್ಲಿ ಕೆದಕಿದರೆ
ಅಕ್ಕಿಕಾಳಿನಷ್ಟು ಸಿಗಡಿ,
ಮೈಗಿಂತ ಮೀಸೆಯೇ ಜೋರು,
ಅಂಗೈ ಗೆರೆಯ ನೀರಲ್ಲಿ ತೆವಳಿತು.
ಹಕ್ಕಿಯ ಊಟ, ಅಂದ ಪಿಸುದನಿಯಲ್ಲಿ,
ಪಕ್ಕದ ಮನೆಯವರ ತಟ್ಟೆ ಇಣುಕಿದವನ ಮುಜುಗರದಲ್ಲಿ.
ಅದರ ತೂತು ಯಾವುದೆಂದು
ಬಹಳ ಹೊತ್ತು ಯೋಚಿಸಿ ಒಳಗೆ ಬಿಟ್ಟ.

ಚಿಪ್ಪಿ ಅಗೆಯುವ ಮುದುಕ ತಿಯೊತೀಮ್
ದೂರದಿಂದ ಸಲಿಕೆ ಎತ್ತಿ ಕೂಗಿದ: ನೀರು ತಿರುಗಿತು, ಏಳಿ!
ಝೊಯೆಲ್ ಎದ್ದ. ಎಡಗಾಲಿನ ಬೂಟು ಏಳಲಿಲ್ಲ.
ಎಳೆದೆ. ಕೆಸರು ಒಮ್ಮೆ ಲೊಚಗುಟ್ಟಿ
ತನ್ನದೆಂದಿತು.
ಮಗನನ್ನು ಸೊಂಟಕ್ಕೇರಿಸಿ ಓಡಿದೆ.

ರಾತ್ರಿ ಅತ್ತೆಯ ಫೋನು: ಇವತ್ತು ಏನು ಕಲಿತ?
ಒಂದು ಬೂಟು ಕಳೆದ, ಅಂದೆ.
ಆ ಕಡೆಯಿಂದ
ಮೂವತ್ತೆರಡು ವರ್ಷ ಒಂದೇ ಶಾಲೆಯಲ್ಲಿ ಪಾಠ ಹೇಳಿದ ಮೌನ.
ಇಲಾಖೆಯ ಫಾರಮು ತೆಗೆದು ಕೂತೆ.
ಭಾಷೆ, ಗಣಿತ, ವಿಜ್ಞಾನ, ಒಂದೊಂದಕ್ಕೂ ಒಂದು ಚೌಕ,
ಅವನು ಕಟ್ಟಿದ್ದಕ್ಕಿಂತ ಬಹಳ ಚಿಕ್ಕದು.
ಇಪ್ಪತ್ತಹತ್ತನ್ನು ಯಾವುದರಲ್ಲಿ ತುಂಬಲಿ?
ಅವನ ಓರಗೆಯವರು ಆಗಲೇ ಓದುತ್ತಾರಂತೆ, ಕೂಡಿಸಿ ಓದುತ್ತಾರಂತೆ.
ಸ್ವಲ್ಪ ಅತ್ತೆ. ಪೆನ್ನಿನ ಮುಚ್ಚಳ ಹಾಕಿದೆ.

ಬೆಳಿಗ್ಗೆ ಅವನೇ ಎಬ್ಬಿಸಿದ:
ಬೂಟು ಹುಡುಕಬೇಕು. ನೀರು ಯಾವಾಗ ಹೋಗುತ್ತೆ?
ತಿಯೊತೀಮನ ಬಾಗಿಲಿಗೆ ಮೊಳೆ ಹೊಡೆದ ಉಬ್ಬರವಿಳಿತದ ಪಟ್ಟಿ,
ಒಂದೊಂದೇ ಅಂಕಿಗೆ ಬೆರಳಿಟ್ಟು ಓದಿದೆವು:
ನಿನ್ನೆಗಿಂತ ಐವತ್ತು ನಿಮಿಷ ತಡ.
ನಾಳೆ ಅದಕ್ಕೂ ಐವತ್ತು.
ದಿನಾ ತಡವಾ? ಬೈಯೋರು ಇಲ್ವಾ ಅದಕ್ಕೆ?
ಚಂದ್ರ, ಅಂದ ಮುದುಕ
ಬಾಯಿಂದ ಪೈಪು ತೆಗೆಯದೆ, ಅಷ್ಟೇ ಅಂದ.

ಮನೆಗೆ ಬಂದು ಗೋಡೆಯ ವೇಳಾಪಟ್ಟಿ ಬಿಚ್ಚಿದೆ.
ಅದರ ಬೆನ್ನಿಗೆ ಝೊಯೆಲ್ ಗಡಿಯಾರ ಬರೆದ,
ಮುಳ್ಳು ಮೂರು:
ಗಂಟೆಗೊಂದು, ನಿಮಿಷಕ್ಕೊಂದು, ನೀರಿಗೊಂದು.

ಇಲ್ಲಿ ಇಲ್ಲದಾಗ ನೀರು ಎಲ್ಲಿರುತ್ತೆ ಅಮ್ಮಾ?
ಗೊತ್ತಿಲ್ಲ, ಅಂದೆ.
ಅವನಿಗೆ ಭಾರೀ ಖುಷಿಯಾಯಿತು.
ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಮೆಟ್ಟಿ
ಹೊಸ್ತಿಲ ಮೇಲೆ ನಿಂತ.
ಇನ್ನೂ ಎರಡು ಗಂಟೆ ಬಾಕಿ ಇತ್ತು.